ಮನಸ್ಸಿನ ಹದಕ್ಕೊಂದು ಕಾಕ್‌ಟೇಲ್

ಯಾರ ಸ್ವಭಾವಕ್ಕೆ ಯಾವ ಕಾಕ್‌ಟೇಲ್ ಒಪ್ಪುತ್ತದೆ ಎಂದು ಹೇಳುವ ಪಟ್ಟಿಗಳಿಗೆ ಕೊರತೆಯೇ ಇಲ್ಲ. ಧೈರ್ಯವಂತರಿಗೆ ನೆಗ್ರೋನಿ, ಪ್ರೇಮಿಗಳಿಗೆ ಬೆಲ್ಲಿನಿ, ಗಂಭೀರ ಸ್ವಭಾವದವರಿಗೆ ಓಲ್ಡ್ ಫ್ಯಾಷನ್ಡ್, ಮೋಜುಗಾರರಿಗೆ ಪಿನ್ಯಾ ಕೊಲಾಡಾ, ಮಹತ್ವಾಕಾಂಕ್ಷಿಗಳಿಗೆ ಮಾರ್ಟಿನಿ ಎಂಬಂಥ ಜೋಡಣೆಗಳು ವಾರದ ಪುರವಣಿಗಳಿಂದ ಹಿಡಿದು ಬಾರ್‌ಗಳ ಮೆನುವಿನವರೆಗೆ ಎಲ್ಲೆಡೆಯೂ ಕಾಣಸಿಗುತ್ತವೆ. ಸ್ನೇಹಿತರಿಗಾಗಿ ಪಾನೀಯಗಳನ್ನು ಬೆರೆಸುವುದು ನನ್ನ ಬಹುಕಾಲದ ಪ್ರೀತಿಯ ಹವ್ಯಾಸ. ಹಾಗಾಗಿ ಈ ಜೋಡಣೆಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಕಾಕ್‌ಟೇಲನ್ನು ವ್ಯಕ್ತಿತ್ವಕ್ಕೆ ಹೊಂದಿಸುವ ಮಾತಿನಲ್ಲಿ ತಿರುಳು ಬಹಳ ಕಡಿಮೆ. ಆದರೆ ಆ ಹೊತ್ತಿನ ಮನಸ್ಥಿತಿಗೆ ಹೊಂದಿಸುವುದು ನಿಜಕ್ಕೂ ಸಾಧ್ಯ, ಮತ್ತು ಅದು ಕಲಿಯಲು ಯೋಗ್ಯವಾದ ಕಲೆ ಎಂಬುದು ನಾನು ನಿಧಾನವಾಗಿ ತಲುಪಿರುವ ನಿಲುವು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದಲೇ ಅರ್ಧ ಗೊಂದಲ ಹುಟ್ಟಿಕೊಂಡಿದೆ.

ವ್ಯಕ್ತಿತ್ವದ ಪಟ್ಟಿಗಳು ಅಷ್ಟೊಂದು ನಿಜವೆನಿಸುವುದೇಕೆ ಎಂಬುದಕ್ಕೆ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆಯೊಂದನ್ನು ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವಿವರಣೆಯೆಂದು ಒಂದೊಂದು ಹಾಳೆಯನ್ನು ಹಂಚಿದರು. ಅದು ತಮಗೆ ಎಷ್ಟು ಹೊಂದುತ್ತದೆ ಎಂದು 5ಕ್ಕೆ ಅಂಕ ಕೊಡುವಂತೆ ಕೇಳಿದಾಗ ಬಂದ ಸರಾಸರಿ 4.26. ಎಲ್ಲರ ಕೈಯಲ್ಲಿದ್ದುದೂ ಒಂದೇ ಬರಹ. ಅದನ್ನು ಫೋರರ್ ಹೆಚ್ಚಾಗಿ ಜ್ಯೋತಿಷ್ಯದ ಪುಸ್ತಕವೊಂದರಿಂದ ಆಯ್ದು ಜೋಡಿಸಿದ್ದರು. ಹೊರಗೆ ಶಾಂತವಾಗಿ ಕಂಡರೂ ಒಳಗೆ ಸಾಹಸಪ್ರಿಯರು, ಹಳೆಯದನ್ನು ಗೌರವಿಸುತ್ತಲೇ ಹೊಸದನ್ನು ಅರಸುವವರು ಎಂದು ಯಾರ ಬಗ್ಗೆ ಹೇಳಿದರೂ ಅವರು ತಲೆದೂಗುತ್ತಾರೆ. ಇಂಥ ಮಾತಿನ ಕೆಳಗೆ ಮ್ಯಾನ್‌ಹ್ಯಾಟನ್ ಎಂದು ಬರೆದರೂ ಮಾರ್ಗರೀಟಾ ಎಂದು ಬರೆದರೂ ಓದುವವರಿಗೆ ಅದು ತಮ್ಮದೇ ಪಾನೀಯವೆಂದು ತೋರುತ್ತದೆ.

ರುಚಿಗೂ ಸ್ವಭಾವಕ್ಕೂ ಸಂಬಂಧವಿದೆಯೇ ಎಂದು ಗಂಭೀರವಾಗಿ ಹುಡುಕಿದವರೂ ಇದ್ದಾರೆ. ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಸುಮಾರು 950 ಅಮೆರಿಕನ್ನರಿಗೆ ಪ್ರಶ್ನಾವಳಿಗಳನ್ನು ಕೊಟ್ಟು, ಕಹಿಯನ್ನು ಮೆಚ್ಚುವವರಲ್ಲಿ ನಿರ್ದಯತೆಯ, ಪರಪೀಡನೆಯ ಗುಣಗಳು ತುಸು ಹೆಚ್ಚಾಗಿ ಕಾಣುತ್ತವೆ ಎಂದು ವರದಿ ಮಾಡಿದರು. ಅದು 2015ರಲ್ಲಿ ಪತ್ರಿಕೆಗಳಿಗೆ ಸಿಕ್ಕಿದ್ದೇ ತಡ, ಸಕ್ಕರೆಯಿಲ್ಲದ ಕಾಫಿ ಕುಡಿಯುವವರನ್ನೂ ಜಿನ್ ಟಾನಿಕ್ ಇಷ್ಟಪಡುವವರನ್ನೂ ಮನೋವಿಕೃತರ ಸಾಲಿಗೆ ಸೇರಿಸುವ ಶೀರ್ಷಿಕೆಗಳು ಎಲ್ಲೆಡೆ ಬಂದವು. ಮೂಲ ಅಧ್ಯಯನದಲ್ಲಿ ಕಂಡಿದ್ದು ದುರ್ಬಲವಾದ ಸಹಸಂಬಂಧ ಮಾತ್ರ. ಅದೂ ಜನ ತಮ್ಮ ಅಭಿರುಚಿಯ ಬಗ್ಗೆ ತಾವೇ ಕೊಟ್ಟ ಹೇಳಿಕೆಯ ಆಧಾರದ ಮೇಲೆ. ಅಷ್ಟರಿಂದ ಎದುರು ಕುಳಿತಿರುವ ಒಬ್ಬ ವ್ಯಕ್ತಿಯ ಗುಣವನ್ನು ಅವರ ಲೋಟ ನೋಡಿ ಹೇಳಲು ಹೊರಡುವುದು ಅವಿವೇಕ.

ಕಹಿಯ ವಿಷಯದಲ್ಲಿ ಸ್ವಭಾವಕ್ಕಿಂತ ಬಲವಾದ ಕಾರಣಗಳಿವೆ. 1931ರಲ್ಲಿ ಡ್ಯೂಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯಿಯೆಲ್ಲ ಕಹಿಯಾಯಿತೆಂದು ದೂರಿದರು, ಫಾಕ್ಸ್ ಅವರಿಗೆ ಮಾತ್ರ ಯಾವ ರುಚಿಯೂ ತಿಳಿಯಲಿಲ್ಲ. ಆ ಪುಡಿಯ ಕಹಿ ಕೆಲವರಿಗೆ ತಿಳಿಯುತ್ತದೆ, ಕೆಲವರಿಗೆ ತಿಳಿಯುವುದಿಲ್ಲ, ಮತ್ತು ಈ ವ್ಯತ್ಯಾಸ ವಂಶವಾಹಿಯಲ್ಲಿ ಹರಿದು ಬರುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಮನುಷ್ಯರಲ್ಲಿ ಕಹಿಯನ್ನು ಗುರುತಿಸುವ ಗ್ರಾಹಕಗಳೇ ಸುಮಾರು 25 ಬಗೆಯವು ಇವೆ, ಅವುಗಳಲ್ಲಿ ಹಲವು ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುತ್ತವೆ. ಒಬ್ಬರು ಕಹಿಯಾದ ನೆಗ್ರೋನಿಯ ಮೊದಲ ಗುಟುಕಿಗೇ ಮುಖ ಕಿವುಚಿದರೆ ಅವರು ಅಂಜುಬುರುಕರೆಂದೋ ಎಳಸು ಅಭಿರುಚಿಯವರೆಂದೋ ಅರ್ಥವಲ್ಲ. ಪಕ್ಕದವರಿಗೆ ಹಿತವಾದ ಕಹಿ ಅವರ ನಾಲಿಗೆಯಲ್ಲಿ ನಿಜವಾಗಿಯೂ ಇನ್ನಷ್ಟು ತೀವ್ರವಾಗಿರಬಹುದು. ಇದಕ್ಕೆ ರೂಢಿಯೂ ಸೇರಿಕೊಳ್ಳುತ್ತದೆ. ಕಹಿಯ ಮೇಲಿನ ಪ್ರೀತಿ ಮತ್ತೆ ಮತ್ತೆ ಸವಿದಾಗಲೇ ಬರುವಂಥದ್ದು. ಚಿಕ್ಕಂದಿನಿಂದ ಯಾವ ಕಹಿಗಳ ನಡುವೆ ಬೆಳೆದೆವು ಎಂಬುದು ಸಾಹಸಪ್ರವೃತ್ತಿಗಿಂತ ಹೆಚ್ಚಾಗಿ ನಮ್ಮ ಆಯ್ಕೆಯನ್ನು ನಿರ್ಧರಿಸುತ್ತದೆ.

ಈ ಪಟ್ಟಿಗಳು ನಿರಪಾಯಕಾರಿ ಎಂದೂ ನನಗೆ ಅನಿಸುವುದಿಲ್ಲ. ಬಣ್ಣವಿರುವ, ಸಿಹಿಯಾದ ಕಾಕ್‌ಟೇಲ್ ಹೆಂಗಸರಿಗೆ, ವಿಸ್ಕಿಯ ಗಾಢ ಪಾನೀಯಗಳು ಗಂಡಸರಿಗೆ ಎಂಬ ವಿಂಗಡಣೆ ಇಂಥ ಜೋಡಣೆಗಳ ಅಡಿಯಲ್ಲೇ ಬೆಳೆದದ್ದು. ಡೈಕಿರಿಯನ್ನು ಮನಸಾರೆ ಇಷ್ಟಪಡುವ ಗಂಡಸರು ನಾಲ್ಕು ಜನರ ನಡುವೆ ಅದನ್ನು ಕೇಳಲು ಹಿಂಜರಿಯುವುದನ್ನೂ, ಕಹಿ ಪಾನೀಯ ಕೇಳಿದ ಹೆಂಗಸರಿಗೆ ‘ಇದು ತುಂಬ ಸ್ಟ್ರಾಂಗ್ ಇರುತ್ತೆ’ ಎಂಬ ಎಚ್ಚರಿಕೆ ತಾನಾಗಿ ಬರುವುದನ್ನೂ ನಾನು ನೋಡಿದ್ದೇನೆ. ಲಂಡನ್ನಿನ ಸವಾಯ್ ಹೋಟೆಲಿನ ಅಮೆರಿಕನ್ ಬಾರ್‌ನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ಹೆಸರಾದ ಏಡಾ ಕೋಲ್ಮನ್ ಒಬ್ಬ ಮಹಿಳೆ. ಅವರ ಅತ್ಯಂತ ಪ್ರಸಿದ್ಧ ಸೃಷ್ಟಿಯಲ್ಲಿ ಇರುವುದು ಫರ್ನೆಟ್ ಬ್ರಾಂಕಾ, ಅಂದರೆ ಕಹಿಗಳಲ್ಲೇ ಕಟುವಾದ ಇಟಲಿಯ ಕಷಾಯ. ಕಹಿಯನ್ನು ಪುರುಷತ್ವದ ಗುರುತಾಗಿ ನೋಡುವವರು ಈ ಒಂದು ಇತಿಹಾಸವನ್ನು ನೆನಪಿಡಬೇಕು.

ಆ ಪಾನೀಯ ಹುಟ್ಟಿದ ಬಗೆಯನ್ನು ಸ್ವತಃ ಕೋಲ್ಮನ್ 1925ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದರು. ನಟ ಚಾರ್ಲ್ಸ್ ಹಾಟ್ರಿ ಅತಿಯಾದ ಕೆಲಸದಿಂದ ಬಳಲಿದಾಗಲೆಲ್ಲ ಅವರ ಬಾರ್‌ಗೆ ಬಂದು, ದಣಿದಿದ್ದೇನೆ, ಏನಾದರೂ ಚುರುಕು ಮುಟ್ಟಿಸುವಂಥದ್ದು ಕೊಡಿ ಎಂದು ಕೇಳುತ್ತಿದ್ದರಂತೆ. ಕೋಲ್ಮನ್ ಜಿನ್ ಮತ್ತು ಗಿಡಮೂಲಿಕೆಗಳ ಪರಿಮಳ ಬೆರೆಸಿದ ವೈನಾದ ಸಿಹಿ ವರ್ಮೂತ್‌ಗೆ ಫರ್ನೆಟ್ಟಿನ ಕೆಲವು ಹನಿ ಸೇರಿಸಿ ಕೊಟ್ಟರು. ಅದನ್ನು ಕುಡಿದ ಹಾಟ್ರಿಯ ಉದ್ಗಾರದಿಂದಲೇ ಅದಕ್ಕೆ ಹ್ಯಾಂಕಿ ಪ್ಯಾಂಕಿ ಎಂಬ ಹೆಸರು ಬಂತು. 1980ರ ದಶಕದಲ್ಲಿ ಅದೇ ಲಂಡನ್ನಿನಲ್ಲಿ ಬಾರ್‌ಟೆಂಡರ್ ಡಿಕ್ ಬ್ರ್ಯಾಡ್‌ಸೆಲ್ ವೋಡ್ಕಾ, ಕಾಫಿ ಲಿಕರ್ ಮತ್ತು ಆಗಷ್ಟೇ ಇಳಿಸಿದ ಎಸ್ಪ್ರೆಸೊ ಕಾಫಿ ಬೆರೆಸಿದ ಪಾನೀಯವೂ (ಎಸ್ಪ್ರೆಸೊ ಮಾರ್ಟಿನಿ), ಅವರೇ ಹೇಳಿಕೊಂಡಂತೆ, ತನ್ನನ್ನು ಮೊದಲು ಎಚ್ಚರಗೊಳಿಸಿ ಆಮೇಲೆ ಅಮಲೇರಿಸುವಂಥದ್ದು ಬೇಕೆಂದು ಯುವತಿಯೊಬ್ಬಳು ಕೇಳಿದ್ದರಿಂದ ಹುಟ್ಟಿತು. ಈ ಎರಡು ಪ್ರಸಂಗಗಳಲ್ಲೂ ನನ್ನನ್ನು ಸೆಳೆಯುವ ಸಂಗತಿಯೊಂದಿದೆ. ಇಬ್ಬರಲ್ಲಿ ಯಾರೂ ತಾನು ಎಂಥ ವ್ಯಕ್ತಿ ಎಂದು ಹೇಳಲಿಲ್ಲ. ತನಗೆ ಈಗ ಹೇಗಿದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಹೇಗಿರಬೇಕು ಎಂಬುದನ್ನಷ್ಟೇ ಹೇಳಿದರು. ಬಾರ್‌ಟೆಂಡರ್‌ಗೆ ಅಷ್ಟು ಸಾಕಾಯಿತು.

ಮನಸ್ಥಿತಿಗೆ ಹೊಂದಿಸುವುದರಲ್ಲಿ ಹುರುಳಿದೆ ಎಂದು ನಾನು ನಂಬಲು ಕೇವಲ ಇಂಥ ಕಥೆಗಳು ಕಾರಣವಲ್ಲ. ಮನಸ್ಸು ಬದಲಾದರೆ ನಾಲಿಗೆಯೂ ಬದಲಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮಿದುಳಿನ ಸಿರೊಟೋನಿನ್ ಪ್ರಭಾವವನ್ನು ಹೆಚ್ಚಿಸುವ ಔಷಧಿಯನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟಾಗ, ಸಿಹಿಯನ್ನು ಗುರುತಿಸಲು ಬೇಕಾದ ಸಕ್ಕರೆಯ ಪ್ರಮಾಣ 27% ಕಡಿಮೆಯಾಯಿತು, ಕಹಿಯನ್ನು ಗುರುತಿಸಲು ಬೇಕಾದ ಕ್ವಿನೈನ್ ಪ್ರಮಾಣ 53% ಇಳಿಯಿತು. ಸಿರೊಟೋನಿನ್ ನಮ್ಮ ಮನೋಭಾವದೊಂದಿಗೆ ಹತ್ತಿರದಿಂದ ಹೆಣೆದುಕೊಂಡಿರುವ ರಾಸಾಯನಿಕ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇನ್ನೂ ಸರಳವಾದ ದಾರಿ ಹಿಡಿದರು: ತಮ್ಮ ವಿಶ್ವವಿದ್ಯಾಲಯದ ಐಸ್ ಹಾಕಿ ಪಂದ್ಯಗಳನ್ನು ನೋಡಿ ಹೊರಬರುವ ಅಭಿಮಾನಿಗಳಿಗೆ ಐಸ್‌ಕ್ರೀಮ್, ನಿಂಬೆಯ ಸಾರ್ಬೆಟ್ ಮೊದಲಾದವುಗಳ ರುಚಿ ತೋರಿಸಿದರು. ತಂಡ ಗೆದ್ದಾಗ ಸಿಹಿ ಹೆಚ್ಚು ಸಿಹಿಯಾಗಿಯೂ, ಸೋತಾಗ ಹುಳಿ ಹೆಚ್ಚು ಹುಳಿಯಾಗಿಯೂ ಅವರಿಗೆ ತೋರಿತು. ಪಾನೀಯವು ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂದು ನಾವು ಸದಾ ಕೇಳುತ್ತೇವೆ. ಮನಸ್ಸು ಪಾನೀಯದ ಮೇಲೆ ಏನು ಮಾಡುತ್ತದೆ ಎಂಬುದನ್ನು ಅದಕ್ಕಿಂತ ಮೊದಲು ಕೇಳಬೇಕು.

ಸೋತು ಬಂದ ಸಂಜೆಯಲ್ಲಿ ಎಂದಿನ ಅಳತೆಯಲ್ಲೇ ಮಾಡಿದ ವಿಸ್ಕಿ ಸೌರ್ ಯಾಕೋ ಹಲ್ಲು ಚುಳ್ಳೆನಿಸುವಷ್ಟು ಹುಳಿಯಾಗಿದೆ ಎಂದು ಅತಿಥಿ ಹೇಳಿದರೆ ಅವರ ಮಾತನ್ನು ನಂಬಬೇಕು. ಅಂಥ ಹೊತ್ತಿನಲ್ಲಿ ನಾನು ನಿಂಬೆರಸವನ್ನು 5 ಮಿಲಿಲೀಟರ್ ಕಡಿಮೆ ಮಾಡುತ್ತೇನೆ, ಅಥವಾ ಸಕ್ಕರೆ ಪಾಕದ ಬದಲು ಜೇನು ಹಾಕುತ್ತೇನೆ. ಸಂತೋಷದಲ್ಲಿರುವವರಿಗೆ ಅದಕ್ಕೆ ವಿರುದ್ಧವಾಗಿ ಹುಳಿಯನ್ನು ಮುಂದಿಡಬಹುದು, ಏಕೆಂದರೆ ಸಿಹಿಯನ್ನು ಅವರ ಮನಸ್ಸೇ ಸ್ವಲ್ಪ ಒದಗಿಸಿಕೊಳ್ಳುತ್ತದೆ. ಪುಸ್ತಕದ ಅಳತೆ ಎಲ್ಲಿಂದ ಶುರು ಮಾಡಬೇಕೆಂದು ತೋರಿಸುತ್ತದೆ, ಅಲ್ಲೇ ನಿಲ್ಲಬೇಕೆಂದು ಹೇಳುವುದಿಲ್ಲ.

ಕಾಕ್‌ಟೇಲಿನಲ್ಲಿ ಮನಸ್ಸಿಗೆ ತಾಕುವುದು ಮದ್ಯದ ಹೆಸರಿಗಿಂತ ಹೆಚ್ಚಾಗಿ ಅದರ ತಂಪು, ನೀರಿನ ಪಾಲು, ಗಾತ್ರ, ಮತ್ತು ಮುಗಿಯಲು ಅದು ಬೇಡುವ ಸಮಯ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಓದುಗರ ಪ್ರಶ್ನೆಗೆ ಉತ್ತರವಾಗಿ ಕಾಕ್‌ಟೇಲ್ ಎಂದರೆ ಯಾವುದಾದರೂ ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ) ಸೇರಿದ ಪಾನೀಯ ಎಂದು ವಿವರಿಸಿತ್ತು. ಆ ನಾಲ್ಕರಲ್ಲಿ ನೀರಿಗೂ ಹೆಸರಿಟ್ಟು ಜಾಗ ಕೊಟ್ಟಿರುವುದು ನನಗೆ ಬಹಳ ಮುಖ್ಯವೆನಿಸುತ್ತದೆ. ಐಸ್ ಜೊತೆ ಸರಿಯಾಗಿ ಕಲಕಿದ ಮಾರ್ಟಿನಿಯಲ್ಲಿ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗದವರೆಗೆ ಕರಗಿದ ನೀರೇ ಇರುತ್ತದೆ. ಅದು ಕಡಿಮೆಯಾದರೆ ಪಾನೀಯ ಗಂಟಲು ಸುಡುತ್ತದೆ, ಹೆಚ್ಚಾದರೆ ಸಪ್ಪೆಯಾಗುತ್ತದೆ. ತಂಪಿನಲ್ಲಿ ಸಿಹಿಯ ಗ್ರಹಿಕೆ ಕುಗ್ಗುತ್ತದೆ. ಲೋಟ ಬೆಚ್ಚಗಾಗುತ್ತ ಹೋದಂತೆ ಸಿಹಿಯೂ ಮದ್ಯಸಾರದ ಕಟುತನವೂ ಮೇಲೇಳುತ್ತವೆ. ಆದ್ದರಿಂದ ಪ್ರತಿ ಪಾನೀಯಕ್ಕೂ ಒಂದು ವೇಗವಿದೆ, ಆ ವೇಗ ಕುಡಿಯುವವರ ಆ ಹೊತ್ತಿನ ವೇಗದೊಂದಿಗೆ ಕೂಡಿದಾಗಲೇ ಅದು ಮನಸ್ಸಿಗೆ ಹೊಂದಿತು ಎಂದು ನಮಗೆ ಅನಿಸುವುದು.

ಡೈಕಿರಿಯನ್ನೇ ನೋಡಿ. ಕ್ಯೂಬಾದ ಸಾಂಟಿಯಾಗೊ ಸಮೀಪದ ಗಣಿಗಾರಿಕೆಯ ಊರೊಂದರ ಹೆಸರನ್ನು ಹೊತ್ತಿರುವ ಈ ಪಾನೀಯದಲ್ಲಿರುವುದು ರಮ್, ನಿಂಬೆ, ಸಕ್ಕರೆ ಮೂರೇ. 60 ಮಿಲಿಲೀಟರ್ ರಮ್, 25ರಷ್ಟು ನಿಂಬೆರಸ, 20ರ ಹತ್ತಿರ ಸಕ್ಕರೆ ಪಾಕವನ್ನು ಐಸ್ ಜೊತೆ ಜೋರಾಗಿ ಕುಲುಕಿದರೆ ಅದು ಸೊನ್ನೆ ಡಿಗ್ರಿಗಿಂತ ಕೆಳಗಿಳಿದು, ಮೇಲೆ ತೆಳುವಾದ ನೊರೆ ಕಟ್ಟಿಕೊಂಡು ಲೋಟಕ್ಕೆ ಬೀಳುತ್ತದೆ. ಐಸ್ ಇಲ್ಲದ ಲೋಟವಾದ್ದರಿಂದ ಅದು ಕಾಯುವ ಪಾನೀಯವಲ್ಲ. ಹದಿನೈದು ನಿಮಿಷ ಬಿಟ್ಟರೆ ಅದರ ಹೊಳಪು ಹೋಗುತ್ತದೆ. ಒಳ್ಳೆಯ ಸುದ್ದಿ ಬಂದಿರುವಾಗ, ಮನಸ್ಸು ಚುರುಕಾಗಿರುವಾಗ, ಮಾತು ಒಂದರ ಮೇಲೊಂದು ಉಕ್ಕುತ್ತಿರುವಾಗ ಇದು ಚೆನ್ನ. ದುಗುಡದಿಂದ ಕುಳಿತವರ ಮುಂದೆ ಇಟ್ಟರೆ ಅವರು ಅದನ್ನು ಮರೆತು ಮಾತಿಗಿಳಿಯುತ್ತಾರೆ, ನೆನಪಾಗಿ ಎತ್ತಿಕೊಳ್ಳುವಷ್ಟರಲ್ಲಿ ಅದು ಬೆಚ್ಚಗಿನ ಹುಳಿನೀರಾಗಿರುತ್ತದೆ.

ಓಲ್ಡ್ ಫ್ಯಾಷನ್ಡ್ ಇದಕ್ಕೆ ವಿರುದ್ಧ ತುದಿಯಲ್ಲಿದೆ. ವಿಸ್ಕಿ, ಸ್ವಲ್ಪವೇ ಸಕ್ಕರೆ, ಬಿಟರ್ಸ್‌ನ ಎರಡು ಚಿಮುಕು, ಕಿತ್ತಳೆ ಸಿಪ್ಪೆಯ ಎಣ್ಣೆ, ಮತ್ತು ದೊಡ್ಡದೊಂದು ಐಸ್ ಗಡ್ಡೆ. ಮೊದಲ ಗುಟುಕಿನಲ್ಲಿ ಗಡುಸಾಗಿದ್ದದ್ದು ಐಸ್ ಕರಗುತ್ತ ಹೋದಂತೆ ಮೆತ್ತಗಾಗುತ್ತದೆ, ವಿಸ್ಕಿಯ ಒಳಗಿನ ಧಾನ್ಯದ, ಮರದ ಪರಿಮಳಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಅರ್ಧ ಗಂಟೆಯ ನಂತರ ಉಳಿದ ಕೊನೆಯ ಗುಟುಕು ಮೊದಲನೆಯದಕ್ಕಿಂತ ಪೂರ್ತಿ ಬೇರೆಯಾಗಿರುತ್ತದೆ. ಇದು ಗಂಭೀರ ಸ್ವಭಾವದವರ ಪಾನೀಯ ಎಂದು ಪಟ್ಟಿಗಳು ಹೇಳುತ್ತವೆ. ನನ್ನ ಪ್ರಕಾರ ಇದು ಅವಸರವಿಲ್ಲದ ಹೊತ್ತಿನ ಪಾನೀಯ, ಮತ್ತು ಅಂಥ ಹೊತ್ತು ಮಹಾ ತುಂಟರಿಗೂ ಬರುತ್ತದೆ. ಅದರಲ್ಲಿ ಬೀಳುವ ಅಂಗೊಸ್ಟುರಾ ಬಿಟರ್ಸ್ ಅನ್ನು 1824ರಲ್ಲಿ ವೆನಿಜುವೆಲಾದಲ್ಲಿ ಜರ್ಮನ್ ಮೂಲದ ವೈದ್ಯ ಯೋಹಾನ್ ಸೀಗರ್ಟ್ ಹೊಟ್ಟೆಯ ತೊಂದರೆಗಳಿಗೆ ಔಷಧಿಯಾಗಿ ತಯಾರಿಸಿದ್ದರು. ಮದ್ದಿನ ಅಂಗಡಿಯಿಂದ ಬಾರ್‌ಗೆ ಬಂದ ಕಹಿಗಳು ಇನ್ನೂ ಎಷ್ಟೋ ಇವೆ. ಪಾನೀಯವೊಂದು ಮನಸ್ಸನ್ನು ಸರಿಪಡಿಸಬಲ್ಲದೆಂಬ ನಮ್ಮ ನಂಬಿಕೆಗೆ ಆ ಹಳೆಯ ನಂಟೂ ಒಂದು ಕಾರಣವಿರಬೇಕು.

ಕಹಿಗೆ ನಾನು ಕೊಡುವ ಜಾಗ ಕೆಲಸ ಮುಗಿದು ಸಂಜೆ ಇನ್ನೂ ಶುರುವಾಗದ ಆ ಸಂಧಿಕಾಲ. ತಲೆಯೊಳಗೆ ದಿನದ ಲೆಕ್ಕಾಚಾರ ಇನ್ನೂ ಓಡುತ್ತಿರುತ್ತದೆ, ಎದುರಿಗಿರುವವರ ಮಾತು ಪೂರ್ತಿಯಾಗಿ ಕಿವಿಗೆ ಬೀಳುತ್ತಿರುವುದಿಲ್ಲ. ಸಿಹಿ ಪಾನೀಯ ಅಂಥ ಮನಸ್ಸನ್ನು ದಾಟಿಸಲಾರದು, ಏಕೆಂದರೆ ಅದು ಗಮನ ಬೇಡುವುದಿಲ್ಲ. ಅದನ್ನು ಯೋಚಿಸದೆ ನುಂಗಿಬಿಡಬಹುದು. ಕಹಿಯನ್ನು ಹಾಗೆ ನುಂಗಲು ಆಗುವುದಿಲ್ಲ. ಅದು ನಾಲಿಗೆಯ ಹಿಂಭಾಗದಲ್ಲಿ ನಿಂತು, ಗುಟುಕಿನಿಂದ ಗುಟುಕಿಗೆ ಅಂತರ ಬಿಡುವಂತೆ ಮಾಡುತ್ತದೆ, ಆ ಅಂತರದಲ್ಲೇ ಮನಸ್ಸು ದಿನವನ್ನು ಕೆಳಗಿಡುತ್ತದೆ. ಇದಕ್ಕೆ ನೆಗ್ರೋನಿಯೇ ಆಗಬೇಕೆಂದಿಲ್ಲ, ಅದರ ಹಿರಿಯನಾದ ಅಮೆರಿಕಾನೊ ಇನ್ನೂ ಮೇಲು: ಕಂಪಾರಿ ಎಂಬ ಇಟಲಿಯ ಕಹಿ ಮದ್ಯ, ಸಿಹಿ ವರ್ಮೂತ್, ಜಿನ್‌ನ ಬದಲು ಸೋಡಾ. ಜಿನ್, ಕಂಪಾರಿ, ವರ್ಮೂತ್ ಮೂರೂ 30 ಮಿಲಿಲೀಟರ್ ಇರುವ ನೆಗ್ರೋನಿಯಲ್ಲಿ ಸುಮಾರು 19 ಗ್ರಾಂ ಶುದ್ಧ ಮದ್ಯಸಾರವಿದ್ದರೆ, ಅದೇ ಅಳತೆಯ ಕಂಪಾರಿ ಮತ್ತು ವರ್ಮೂತ್ ಇರುವ ಅಮೆರಿಕಾನೊದಲ್ಲಿ ಅದರ ಅರ್ಧದಷ್ಟು ಮಾತ್ರ ಇರುತ್ತದೆ. ಕಹಿಯೂ ಸಿಗುತ್ತದೆ, ತಲೆಯೂ ತಿಳಿಯಾಗಿರುತ್ತದೆ.

ಸಂಭ್ರಮಕ್ಕೆ ಗುಳ್ಳೆಗಳೇಳುವ ಪಾನೀಯ ಎಂಬ ರೂಢಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಜಿನ್, ನಿಂಬೆ, ಸಕ್ಕರೆಯ ಮೇಲೆ ಶಾಂಪೇನ್ ಸುರಿಯುವ ಫ್ರೆಂಚ್ 75ಕ್ಕೆ ಫ್ರೆಂಚ್ ಸೇನೆಯ 75 ಮಿಲಿಮೀಟರ್ ಫಿರಂಗಿಯ ಹೆಸರು ಸುಮ್ಮನೆ ಬಂದಿಲ್ಲ ಎಂಬುದು ನೆನಪಿರಲಿ. ಗುಳ್ಳೆಗಳಿರುವಾಗ ಹಲವರಲ್ಲಿ ಮದ್ಯಸಾರ ರಕ್ತಕ್ಕೆ ಬೇಗ ಸೇರುತ್ತದೆ ಎಂದು ಪ್ರಯೋಗಗಳು ತೋರಿಸಿವೆ, ಸಂಭ್ರಮದಲ್ಲಿ ಊಟ ತಡವಾಗುವುದೂ ಸಾಮಾನ್ಯ. ದಣಿವಿನ ಸಂಗತಿಯೂ ಇಂಥದ್ದೇ. ಎಸ್ಪ್ರೆಸೊ ಮಾರ್ಟಿನಿಯ ಕೆಫೀನ್ ನಿದ್ದೆಯ ಸೂಚನೆಯನ್ನು ಮರೆಮಾಡುತ್ತದೆಯೇ ಹೊರತು ಅಮಲನ್ನು ಕಡಿಮೆ ಮಾಡುವುದಿಲ್ಲ. ದಣಿದವರಿಗೆ ತಾವು ಎಚ್ಚರವಾಗಿದ್ದೇವೆ ಎನಿಸುತ್ತದೆ, ತೀರ್ಮಾನಗಳು ಮಾತ್ರ ಮಂಕಾಗಿರುತ್ತವೆ. ಚಳಿ ಹತ್ತಿದವರಿಗೆ ಕೊಡುವ, ಮದ್ಯಕ್ಕೆ ಬಿಸಿನೀರು ಬೆರೆಸಿದ ‘ಹಾಟ್ ಟಾಡಿ’ಯಲ್ಲಿ (ನಮ್ಮ ಸೇಂದಿಯಲ್ಲ) ಹಿತ ಕೊಡುವುದು ಬಿಸಿನೀರು, ಜೇನು, ನಿಂಬೆ. ಮದ್ಯಸಾರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭಾವ ತರುತ್ತದಾದರೂ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ.

ಇಷ್ಟರವರೆಗಿನದೆಲ್ಲ ಸುಲಭದ ಮನಸ್ಥಿತಿಗಳು. ದುಃಖ, ಕೋಪ, ಒಂಟಿತನಗಳ ಬಗ್ಗೆ ಮಾತಾಡದೆ ಈ ವಿಷಯವನ್ನು ಮುಗಿಸುವುದು ಪ್ರಾಮಾಣಿಕವಾಗಲಾರದು, ಏಕೆಂದರೆ ಪಟ್ಟಿಗಳು ಇವುಗಳಿಗೂ ಒಂದೊಂದು ಕಾಕ್‌ಟೇಲನ್ನು ಎದುರಿಗಿಡುತ್ತವೆ: ಮುರಿದ ಮನಸ್ಸಿಗೆ ಇದು, ಕೆಟ್ಟ ದಿನಕ್ಕೆ ಅದು. ಮದ್ಯಸಾರ ಮಿದುಳಿನ ನರಗಳ ಚಟುವಟಿಕೆಯನ್ನು ತಗ್ಗಿಸುವ ವಸ್ತು. ಮೊದಲ ಲೋಟದ ಹಗುರತನ ನಿಜವೇ ಆದರೂ ಅದು ಅಲ್ಲೇ ನಿಲ್ಲುವುದಿಲ್ಲ. ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1990ರಲ್ಲಿ ಮಂಡಿಸಿದ ವಿವರಣೆ ನನಗೆ ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾಗಿ ಕಂಡಿದೆ. ಅವರ ಪ್ರಕಾರ ಅಮಲು ಗಮನದ ಹರಹನ್ನು ಕಿರಿದಾಗಿಸುತ್ತದೆ. ಆ ಕ್ಷಣದಲ್ಲಿ ಕಣ್ಣೆದುರು ಎದ್ದು ಕಾಣುವುದಷ್ಟೇ ಮನಸ್ಸನ್ನು ತುಂಬುತ್ತದೆ, ದೂರದ ಪರಿಣಾಮಗಳೂ ಹಿನ್ನೆಲೆಯ ಸಂಗತಿಗಳೂ ಮಸುಕಾಗುತ್ತವೆ. ಗೆಳೆಯರ ನಡುವೆ, ಸಂಗೀತ ಮತ್ತು ನಗುವಿನ ನಡುವೆ ಇರುವವರ ಗಮನ ಆ ನಗುವಿಗೆ ಕಿರಿದಾಗುತ್ತದೆ, ಚಿಂತೆ ಹೊರಗುಳಿಯುತ್ತದೆ. ಒಬ್ಬರೇ ಕುಳಿತು ಕುಡಿಯುವವರ ಎದುರಿನಲ್ಲಿ ಇರುವುದು ಅವರ ದುಃಖವೊಂದೇ ಆದ್ದರಿಂದ ಗಮನ ಅದಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಒಂದೇ ಪಾನೀಯ ಒಬ್ಬರನ್ನು ಹಗುರಗೊಳಿಸಿ ಇನ್ನೊಬ್ಬರನ್ನು ಅಳಿಸುವುದೇಕೆ ಎಂಬ ಹಳೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ. ಕೋಪಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ: ಬಿಟ್ಟುಬಿಡಲು ಇರುವ ನೂರು ಕಾರಣಗಳು ಮಸುಕಾಗಿ, ಕೆಣಕಿದ ಒಂದು ಮಾತು ಮಾತ್ರ ದೊಡ್ಡದಾಗಿ ಉಳಿಯುತ್ತದೆ.

ಹಾಗಾಗಿ ದುಃಖದಲ್ಲಿರುವವರಿಗೆ ನಾನು ಮದ್ಯವಿರುವ ಕಾಕ್‌ಟೇಲ್ ಮಾಡಿಕೊಡುವುದಿಲ್ಲ. ಅವರಿಗಾಗಿ ಏನನ್ನೂ ಮಾಡದಿರುವುದೂ ಸರಿಯಲ್ಲ, ಏಕೆಂದರೆ ಯಾರೋ ತಮಗಾಗಿ ಎದ್ದು ಹೋಗಿ ಗಮನವಿಟ್ಟು ಏನನ್ನೋ ಸಿದ್ಧಪಡಿಸಿದರು ಎಂಬುದರಲ್ಲೇ ಅರ್ಧ ಸಾಂತ್ವನವಿದೆ. ಗಟ್ಟಿಯಾಗಿ ಕುದಿಸಿ ಆರಿಸಿದ ಕಪ್ಪು ಚಹಾದ ಒಗರು, ಚಕೋತದ ಹುಳಿಗಹಿ ರಸ, ಸ್ವಲ್ಪ ಜೇನು, ಒಂದೆರಡು ಹನಿ ಉಪ್ಪುನೀರು, ಮೇಲೆ ಟಾನಿಕ್ ಮತ್ತು ಧಾರಾಳವಾಗಿ ಐಸ್. ಮದ್ಯವಿಲ್ಲದ ಪಾನೀಯಗಳಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆ ಅವು ಬರೀ ಸಿಹಿಯಾಗಿರುವುದು. ಬಾಯಿಯಲ್ಲಿ ಸ್ವಲ್ಪ ತಡೆ ಒಡ್ಡುವ ಗುಣ ಅವಕ್ಕಿರುವುದಿಲ್ಲ. ಒಗರು ಮತ್ತು ಕಹಿ ಆ ತಡೆಯನ್ನು ಮರಳಿ ಕೊಡುತ್ತವೆ, ಆಗ ಅದನ್ನು ಯಾರೂ ಶರಬತ್ತಿನಂತೆ ಒಂದೇ ಸಲಕ್ಕೆ ಕುಡಿದು ಮುಗಿಸುವುದಿಲ್ಲ.

ಮದ್ಯವಿಲ್ಲದಿದ್ದರೆ ಮನಸ್ಸಿಗೆ ಏನು ತಾಕೀತು ಎಂದು ಕೇಳುವವರಿಗೆ 1970ರ ದಶಕದ ಪ್ರಯೋಗಗಳನ್ನು ನೆನಪಿಸಬೇಕು. ಮನಶ್ಶಾಸ್ತ್ರಜ್ಞ ಆಲನ್ ಮಾರ್ಲಾಟ್ ಮತ್ತು ಸಹೋದ್ಯೋಗಿಗಳು 1973ರಲ್ಲಿ ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್ಕನ್ನೂ ಕೆಲವರಿಗೆ ಬರೀ ಟಾನಿಕ್ಕನ್ನೂ ಕೊಟ್ಟರು. ಲೋಟದಲ್ಲಿ ಏನಿದೆ ಎಂದು ತಿಳಿಸುವಾಗ ಅರ್ಧದಷ್ಟು ಜನರಿಗೆ ಉದ್ದೇಶಪೂರ್ವಕವಾಗಿ ತಪ್ಪು ಹೇಳಿದರು. ಎಷ್ಟು ಕುಡಿಯುತ್ತಾರೆ ಎಂಬುದನ್ನು ಲೋಟದಲ್ಲಿ ನಿಜವಾಗಿ ಇದ್ದುದಕ್ಕಿಂತ ತಾವು ಏನು ಕುಡಿಯುತ್ತಿದ್ದೇವೆಂಬ ನಂಬಿಕೆಯೇ ನಿರ್ಧರಿಸಿತು. ವಿಪರೀತ ಕುಡಿಯುವ ಚಟವಿದ್ದವರಲ್ಲೂ ಅದೇ ಕಂಡಿತು. ನಾವು ಕಾಕ್‌ಟೇಲಿನ ಪರಿಣಾಮವೆಂದು ಕರೆಯುವುದರಲ್ಲಿ ಒಂದು ಭಾಗ ನಿರೀಕ್ಷೆಯದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ. ತಂಪಾದ ಲೋಟದ ಭಾರ, ಐಸಿನ ಸದ್ದು, ಸಿಪ್ಪೆ ಹಿಂಡಿದಾಗ ಚಿಮ್ಮುವ ಪರಿಮಳ, ಇನ್ನು ದಿನ ಮುಗಿಯಿತು ಎಂಬ ಭಾವ, ಇವೆಲ್ಲ ಮದ್ಯವಿಲ್ಲದೆಯೂ ದೊರೆಯುತ್ತವೆ. ಮದ್ಯಪಾನೀಯಗಳನ್ನು 1988ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿತ್ತು, 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಹೇಳಿತು. ಇದನ್ನು ತಿಳಿದೂ ಈ ಕಲೆಯನ್ನು ಪ್ರೀತಿಸುವವರು ಅದರ ಯಾವ ಭಾಗ ಮದ್ಯವನ್ನು ಅವಲಂಬಿಸಿದೆ, ಯಾವುದು ಅವಲಂಬಿಸಿಲ್ಲ ಎಂಬುದನ್ನು ಬೇರ್ಪಡಿಸಿ ನೋಡಲು ಕಲಿಯಬೇಕು.

ಎದುರಿನವರ ಮನಸ್ಸನ್ನು ಅರಿಯುವುದು ಹೇಗೆ? ನ್ಯೂಯಾರ್ಕಿನಲ್ಲಿ 1999ರ ಕೊನೆಯಲ್ಲಿ ಸಾಶಾ ಪೆಟ್ರಾಸ್ಕೆ ತೆರೆದ ಮಿಲ್ಕ್ ಆ್ಯಂಡ್ ಹನಿ ಎಂಬ ಪುಟ್ಟ ಬಾರ್ ಮುದ್ರಿತ ಮೆನು ಇಲ್ಲದೆ ನಡೆದುದಕ್ಕೆ ಹೆಸರಾಯಿತು. ಬಂದವರನ್ನು ಕೇಳಿಯೇ ಅವರಿಗೆ ಬೇಕಾದುದನ್ನು ಮಾಡಿಕೊಡುವ ಈ ಪದ್ಧತಿ ಆಮೇಲೆ ಜಗತ್ತಿನ ಅನೇಕ ಬಾರ್‌ಗಳಿಗೆ ಹರಡಿತು. ಅಂಥ ಕಡೆ ಒಳ್ಳೆಯ ಬಾರ್‌ಟೆಂಡರ್ ಕೇಳುವ ಪ್ರಶ್ನೆಗಳು ಬಹಳ ಸಾದಾ ಆಗಿರುತ್ತವೆ. ಹುಳಿ ಬೇಕೇ ಕಹಿ ಬೇಕೇ, ಉದ್ದ ಲೋಟದ ಹಗುರ ಪಾನೀಯವೇ ಚಿಕ್ಕ ಲೋಟದ ಗಾಢವಾದದ್ದೇ, ಊಟವಾಗಿದೆಯೇ, ಯಾವುದನ್ನು ಖಂಡಿತ ಹಾಕಬಾರದು? ನಿಮ್ಮ ಸ್ವಭಾವವೇನು ಎಂದು ಅವರು ಕೇಳುವುದಿಲ್ಲ. ಮನಸ್ಸು ಹೇಗಿದೆ ಎಂದೂ ನೇರವಾಗಿ ಕೇಳುವುದು ಅಪರೂಪ, ಏಕೆಂದರೆ ಆ ಪ್ರಶ್ನೆಗೆ ಹೆಚ್ಚಿನವರು ‘ಚೆನ್ನಾಗಿದೆ’ ಎಂದೇ ಉತ್ತರಿಸುತ್ತಾರೆ. ನಾನೂ ಈ ಪ್ರಶ್ನೆಗಳನ್ನೇ ಕೇಳುತ್ತೇನೆ, ಉತ್ತರ ಕೊಡುವಾಗಿನ ದನಿಗೆ ಹೆಚ್ಚು ಕಿವಿಗೊಡುತ್ತೇನೆ. ಏನಾದರೂ ಸರಿ ಎಂದು ಹೇಳುವವರು ಬಹಳಷ್ಟು ಸಲ ಆಯ್ಕೆಗಳಿಂದ ಬೇಸತ್ತಿರುತ್ತಾರೆ. ಅವರಿಗೆ ವಿವರಣೆ ಬೇಡದ, ಗುರುತಿರುವ, ಸರಳವಾದದ್ದನ್ನು ಕೊಡುವುದು ದಯೆ.

ವ್ಯಕ್ತಿತ್ವಕ್ಕೆ ಒಂದು ಜಾಗವನ್ನು ಮಾತ್ರ ನಾನು ಬಿಟ್ಟುಕೊಡುತ್ತೇನೆ, ಅದು ಕುಡಿಯುವ ವೇಗ. ಸಂಕೋಚದವರು ಜನರ ನಡುವೆ ಕೈಗೆ ಕೆಲಸ ಬೇಕೆಂದು ಬೇಗ ಬೇಗ ಗುಟುಕರಿಸುತ್ತಾರೆ. ಅವರ ಲೋಟ ಎಲ್ಲರಿಗಿಂತ ಮೊದಲು ಖಾಲಿಯಾಗುತ್ತದೆ. ಮಾತಿನ ಮಲ್ಲರು ಲೋಟವನ್ನು ಹಿಡಿದೇ ಮರೆಯುತ್ತಾರೆ. ಮೊದಲಿನವರಿಗೆ ಮಾರ್ಟಿನಿಯಂಥ ಚಿಕ್ಕ, ಗಾಢ ಪಾನೀಯ ಕೊಡುವುದು ಅಪಾಯಕ್ಕೆ ದಾರಿ, ಅದೇ ಎರಡನೆಯವರಿಗೆ ಕೊಟ್ಟರೆ ಪಾನೀಯ ಹಾಳಾಗುತ್ತದೆ. ಇಬ್ಬರಿಗೂ ಮದ್ಯಕ್ಕೆ ಸೋಡಾದಂಥದ್ದನ್ನು ಧಾರಾಳವಾಗಿ ಬೆರೆಸಿದ, ಉದ್ದ ಲೋಟದ ಹೈಬಾಲ್ ಹೊಂದುತ್ತದೆ, ಒಬ್ಬರಿಗೆ ಮದ್ಯವನ್ನು ಇಳಿಸಿ, ಇನ್ನೊಬ್ಬರಿಗೆ ಐಸನ್ನು ಏರಿಸಿ. ಸ್ವಭಾವವನ್ನು ಲೋಟದ ಗಾತ್ರಕ್ಕೂ ಮನಸ್ಥಿತಿಯನ್ನು ರುಚಿಗೂ ಹೊಂದಿಸುವುದು ನಾನು ಪಾಲಿಸುವ ಕ್ರಮ. ಪಟ್ಟಿಗಳು ಇದನ್ನು ತಲೆಕೆಳಗು ಮಾಡುತ್ತವೆ.

ಎರಡನೆಯ ಲೋಟದ ಹೊತ್ತಿಗೆ ಎಲ್ಲವನ್ನೂ ಮತ್ತೆ ಕೇಳಬೇಕು. ಮೊದಲನೆಯದನ್ನು ಕೇಳಿದ ಮನಸ್ಸು ಆಗ ಇರುವುದಿಲ್ಲ. ಕಹಿ ಬೇಡಿದ್ದ ದಣಿವು ಕರಗಿರುತ್ತದೆ, ಊಟದ ವಾಸನೆ ಬರುತ್ತಿರುತ್ತದೆ, ಮೌನವಾಗಿದ್ದವರು ಮಾತಾಡುತ್ತಿರುತ್ತಾರೆ. ‘ಅದನ್ನೇ ಇನ್ನೊಂದು’ ಎನ್ನುವವರಿಗೆ ನಾನು ಅದರ ಹಗುರ ರೂಪವನ್ನು ಮುಂದಿಡುತ್ತೇನೆ: ನೆಗ್ರೋನಿ ಕುಡಿದವರಿಗೆ ಅಮೆರಿಕಾನೊ, ಮ್ಯಾನ್‌ಹ್ಯಾಟನ್ ಕುಡಿದವರಿಗೆ ವಿಸ್ಕಿ ಒಂದು ಪಾಲು ವರ್ಮೂತ್ ಎರಡು ಪಾಲು ಇರುವ ಅದರ ತಿರುಗು ರೂಪ, ಮಾರ್ಟಿನಿ ಕುಡಿದವರಿಗೆ ಸಿಪ್ಪೆ ಹಿಂಡಿದ ಒಣ ವರ್ಮೂತ್ ಮತ್ತು ಸೋಡಾ. ರುಚಿಯ ದಾರಿ ಅದೇ ಇರುವುದರಿಂದ ಹೆಚ್ಚಿನವರು ಮದ್ಯ ಕಡಿಮೆಯಾಯಿತೆಂದು ದೂರುವುದಿಲ್ಲ, ಕೇಳಿದವರಿಗೆ ನಾನು ಮುಚ್ಚಿಡುವುದೂ ಇಲ್ಲ. ಮೂರನೆಯದನ್ನು ಕೇಳುವವರಿಗೆ ಮೊದಲು ಊಟ ಬಡಿಸುತ್ತೇನೆ.